ಕೋಲು ಯಾವ ಕೈಯಲ್ಲಿರಬೇಕು?

ಕಳೆದ ಮಳೆಗಾಲದಲ್ಲಿ ಸ್ಕೂಟರ್ ಜಾರಿ ಬಿದ್ದು ನನ್ನ ಎಡ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಹಿಡಿದು ಮನೆಯೊಳಗೇ ಓಡಾಡಿದ್ದಾಯಿತು. ಆಮೇಲೆ ಫಿಸಿಯೋಥೆರಪಿಸ್ಟ್ ಒಂದು ಕೋಲು ಕೊಟ್ಟರು. ನೋವಿರುವ ಕಡೆಗೇ ತಾನೆ ಆಸರೆ ಬೇಕಾದದ್ದು? ಎಡಗೈಯಲ್ಲಿ ಹಿಡಿದೆ. ಅವರು ನಕ್ಕು, "ಎಲ್ಲರೂ ಹೀಗೇ ಹಿಡೀತಾರೆ. ಬಲಗೈಗೆ ತಗೊಳ್ಳಿ" ಅಂದರು.

ಎಡಗಾಲ ಮೇಲೆ ನಿಂತ ಕ್ಷಣ ಸೊಂಟ ಬಲಕ್ಕೆ ವಾಲಲು ನೋಡುತ್ತದೆ. ಹಾಗೆ ವಾಲದಂತೆ ಎಳೆದು ಹಿಡಿಯುವುದು ಎಡ ಸೊಂಟದ ಸ್ನಾಯುಗಳು. ಆ ಎಳೆತವೇ ಕೀಲಿಗೆ ದೊಡ್ಡ ಹೊರೆ. ಬಲಗೈ ಕೋಲನ್ನು ಸ್ವಲ್ಪ ಒತ್ತಿದರೂ ಸಾಕು, ಸನ್ನೆಗೋಲಿನ ಹಾಗೆ ದೂರದಿಂದಲೇ ಆ ಹೊರೆ ಇಳಿಯುತ್ತದೆ. ಉಳಿದ ಪಾಠಗಳನ್ನೂ ಕಲಿತೆ. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರ್ ಸವೆದರೆ ಬದಲಿಸಬೇಕು.

ನನ್ನ ಸಂಶೋಧನೆ ತತ್ತ್ವಶಾಸ್ತ್ರದಲ್ಲಿ. ಮೆರ್ಲೋ-ಪಾಂಟಿ 1945ರ 'ಫಿನಾಮಿನಾಲಜಿ ಆಫ್ ಪರ್ಸೆಪ್ಷನ್'ನಲ್ಲಿ ಅಂಧನ ಕೋಲಿನ ಉದಾಹರಣೆ ಕೊಡುತ್ತಾನೆ. ಒಗ್ಗಿಹೋದ ಕೋಲು ಅವನಿಗೆ ಬರೀ ವಸ್ತುವಾಗಿ ಉಳಿಯುವುದಿಲ್ಲ, ಅದರ ತುದಿಯೇ ಸ್ಪರ್ಶದ ಜಾಗವಾಗುತ್ತದೆ. ಇದನ್ನು ಜೂನಿಯರ್‌ಗಳಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಕೆಲವು ವಾರಗಳಲ್ಲಿ ನನ್ನ ಕೋಲೂ ನುಣುಪು ಟೈಲ್ಸ್ ಯಾವುದು, ಜಲ್ಲಿ ಯಾವುದು ಎಂದು ಹೇಳತೊಡಗಿತು. ಆದರೆ ನಾನು ವಿವರಿಸದೇ ಬಿಟ್ಟ ಮಾತೊಂದಿತ್ತು: ಕೋಲು ಮೈಯಾಗಬೇಕಾದರೆ ಮೊದಲು ಅದು ಆ ಮೈಯ ಅಳತೆಗೆ ಇರಬೇಕು.

ಒಂದು ದಿನ ಗ್ರಂಥಾಲಯದ ಮೆಟ್ಟಿಲು ಇಳಿಯುತ್ತಿದ್ದೆ. ಜೂನಿಯರ್ ಒಬ್ಬ ಓಡಿಬಂದು ನನ್ನ ಬಲ ರಟ್ಟೆ ಹಿಡಿದ. ಕೋಲಿದ್ದ ಕೈ ಅದೇ. ಕೋಲು ಎತ್ತಲಾಗದೆ ಮುಗ್ಗರಿಸಿದೆ. ಅವನ ಮನಸ್ಸಿನಲ್ಲಿ ಒಳ್ಳೆಯದಲ್ಲದೆ ಬೇರೇನೂ ಇರಲಿಲ್ಲ. ಹಾಗಿದ್ದರೆ ನೆರವು ನೆರವಾಗುವುದು ಕೊಡುವವರ ಮನಸ್ಸಿನಿಂದಲೋ, ಪಡೆಯುವವರ ಮೈಯಿಂದಲೋ?

ಕೇಳಿಯೇ ನೆರವಾಗಬೇಕು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಬೀಳುತ್ತಿರುವವರನ್ನು ಕೇಳುತ್ತಾ ನಿಲ್ಲಲಾಗದು. ಅಷ್ಟೇ ಅಲ್ಲ, ಕೇಳಿದಾಗ ಹೇಳುವ ಹೊಣೆ ಪಡೆಯುವವರ ಮೇಲೂ ಇದೆ. ಮುಗ್ಗರಿಸಿದ ದಿನ ನಾನು "ಥ್ಯಾಂಕ್ಸ್" ಅಂದು ಸುಮ್ಮನಾಗಿದ್ದೆ. ನಾಚಿಕೆ. ಮರುವಾರ ಅವನೇ "ಹೇಗೆ ಹಿಡೀಲಿ ಸರ್?" ಎಂದು ಕೇಳಿದ. "ಹಿಡೀಬೇಡ. ಎಡಗಡೆ, ಒಂದು ಮೆಟ್ಟಿಲು ಕೆಳಗೆ ನಿಂತ್ಕೋ ಸಾಕು" ಅಂದೆ. ಅಷ್ಟು ಹೇಳಲು ನನಗೆ ಒಂದು ವಾರ ಬೇಕಾಯಿತು.

ಆಗಲೇ ಅಜ್ಜಿಯ ನೆನಪು ಕಾಡತೊಡಗಿದ್ದು. ಮಂಡಿ ನೋವೆಂದು ನಾವು ಅವಳಿಗೆ ಪೇಟೆಯಿಂದ ಕೋಲು ತಂದುಕೊಟ್ಟಿದ್ದೆವು. ನಾಲ್ಕು ದಿನ ಹಿಡಿದು ಬಾಗಿಲ ಹಿಂದೆ ಇಟ್ಟಳು. "ಇದು ನಂಗೆ ಆಗಲ್ಲ ಕಣೋ" ಅಂದಳು. ಮುದುಕಿ ಅನ್ನಿಸಿಕೊಳ್ಳಲು ಇಷ್ಟವಿಲ್ಲ, ಬರೀ ಹಟ ಎಂದು ನಾವು ನಕ್ಕೆವು. ಮೊದಲು ದೇವಸ್ಥಾನಕ್ಕೆ ಹೋಗುವುದು ನಿಂತಿತು, ಆಮೇಲೆ ಪಕ್ಕದ ಮನೆಗೂ. ಹಟ ಮಾಡಿದವಳು ಅವಳು, ಕೊಟ್ಟು ಕರ್ತವ್ಯ ಮುಗಿಸಿದವರು ನಾವು. ಅವಳು ತೀರಿಕೊಂಡು ಮೂರು ವರ್ಷವಾಯಿತು.

ದೀಪಾವಳಿಗೆ ಊರಿಗೆ ಹೋದಾಗ ಆ ಕೋಲು ಇನ್ನೂ ಬಾಗಿಲ ಹಿಂದೆಯೇ ಇತ್ತು. ರಬ್ಬರ್ ಸವೆದಿರಲಿಲ್ಲ. ಅಜ್ಜಿ ನನ್ನ ಭುಜದಷ್ಟೂ ಎತ್ತರ ಇರಲಿಲ್ಲ. ಅದನ್ನು ಹಿಡಿದು ನಡೆಯಬೇಕಾದರೆ ಹೆಜ್ಜೆಹೆಜ್ಜೆಗೂ ಭುಜ ಎತ್ತಬೇಕಾಗಿತ್ತು. ಕೈ ಇಳಿಬಿಟ್ಟು ಪಕ್ಕದಲ್ಲಿ ಹಿಡಿದು ನೋಡಿದೆ. ಹಿಡಿ ಸರಿಯಾಗಿ ನನ್ನ ಮಣಿಕಟ್ಟಿಗೆ ಬಂತು.

ಅಂಗಡಿಯಲ್ಲಿ ಅದನ್ನು ಹಿಡಿದು, ನಾಲ್ಕು ಹೆಜ್ಜೆ ನಡೆದು, "ಚೆನ್ನಾಗಿದೆ, ಕೊಡಿ" ಅಂದವನು ನಾನೇ.