ಶಾಲೆಯ ಗಂಟೆಗೂ ಮುಂಚಿನ ಪಾಠ

ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರ ಮಕ್ಕಳಿಗೆ ದಿನ ಶುರುವಾಗುವುದೇ ಮದ್ರಸದಲ್ಲಿ. ಕುರ್‌ಆನ್ ಓದುವ ಹುಡುಗಿ ಗಂಟಲಿನಿಂದ ಹೊರಡಿಸಬೇಕಾದ ಅಕ್ಷರವನ್ನು ನಾಲಿಗೆಯಲ್ಲೇ ತೇಲಿಸಿದರೆ ಉಸ್ತಾದರು ಬಿಡುವುದಿಲ್ಲ, ಮತ್ತೆ ಮೊದಲಿಂದ. ಅದು ಮುಗಿಯಿತೋ, ಸಮವಸ್ತ್ರ ತೊಟ್ಟು ಶಾಲೆಗೆ ಓಟ.

ಈ ಏರ್ಪಾಡಿಗೆ ಕಾರಣವಿದೆ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮದ ಪಾಠವನ್ನು ಸಮುದಾಯವೇ ಹೊತ್ತುಕೊಳ್ಳಬೇಕು. ಕೇರಳದಲ್ಲಿ 1951ರಲ್ಲಿ ಹುಟ್ಟಿದ, ಸಮಸ್ತ ಎಂಬ ಸುನ್ನಿ ವಿದ್ವಾಂಸರ ಸಂಘಟನೆಯ ಮದ್ರಸ ಮಂಡಳಿ ತರಗತಿ, ಪಠ್ಯಪುಸ್ತಕ, ಪಬ್ಲಿಕ್ ಪರೀಕ್ಷೆ ಎಲ್ಲವನ್ನೂ ಶಾಲೆಯ ಮಾದರಿಯಲ್ಲೇ ಕಟ್ಟಿತು. ಅದರ ಜಾಲ ನಮ್ಮ ಕರಾವಳಿಗೂ ಹಬ್ಬಿದೆ.

ಬ್ರಿಟನ್ ಬೇರೆ ದಾರಿ ಹಿಡಿಯಿತು: ಅಲ್ಲಿ ಧರ್ಮದ ಶಾಲೆಗೂ ಸರ್ಕಾರದ ಹಣ ಸಿಗಬಹುದು. ಪಾಪ್ ಗಾಯಕ ಕ್ಯಾಟ್ ಸ್ಟೀವನ್ಸ್ ಇಸ್ಲಾಂ ಸ್ವೀಕರಿಸಿ ಯೂಸುಫ್ ಇಸ್ಲಾಂ ಆದವರು. 1983ರಲ್ಲಿ ಲಂಡನ್ನಿನಲ್ಲಿ ಇಸ್ಲಾಮಿಯಾ ಶಾಲೆ ತೆರೆದರು. ಚರ್ಚ್ ಶಾಲೆಗಳಿಗೆ ಸಲೀಸಾಗಿ ಸಿಗುತ್ತಿದ್ದ ಸರ್ಕಾರಿ ಅನುದಾನ ಇದಕ್ಕೆ ದಕ್ಕಿದ್ದು 1998ರಲ್ಲಿ, ಅದೂ ವರ್ಷಗಟ್ಟಲೆ ಜಗ್ಗಾಡಿದ ಮೇಲೆ.

ಇಷ್ಟೆಲ್ಲ ಪಾಡು ಯಾಕೆ? ಉಪವಾಸ ಯಾಕೆ, ದುಡಿದದ್ದರಲ್ಲಿ ಝಕಾತ್ ಎಂಬ ಕಡ್ಡಾಯ ದಾನ ಯಾರ ಹಕ್ಕು, ನೆರೆಯವನು ಹಸಿದಿದ್ದರೆ ತನ್ನ ಹೊಣೆ ಏನು ಎಂಬುದನ್ನು ಗಣಿತದ ಮೇಷ್ಟ್ರು ಹೇಳಿಕೊಡುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮದ್ರಸ ಹೇಳದಿದ್ದರೆ ಮೊಬೈಲಿನ ಯಾವನೋ ಬೋಧಕ ಹೇಳುತ್ತಾನೆ. ಅವನನ್ನು ಮರುಪ್ರಶ್ನಿಸಲು ಆಗದು. ಉಸ್ತಾದರನ್ನು ಕೇಳಬಹುದು. ಬಾಯಿಪಾಠಕ್ಕೇ ಹೊತ್ತೆಲ್ಲ ಹೋದರೆ ಮಾತ್ರ ಕೇಳಲು ಮಗುವಿಗೆ ಸಮಯ ಸಿಗುವುದಿಲ್ಲ, ಅಷ್ಟರಲ್ಲಿ ಶಾಲೆಯ ಬಸ್ಸು ಬಂದಿರುತ್ತದೆ.