ಗುಂಟೆ ಲೆಕ್ಕ ಸಾಲದಾದಾಗ

ಅರ್ಧಕ್ಕೆ ಕಾಲು ಕೂಡಿಸು ಎಂದರೆ ಹೈಸ್ಕೂಲಿಗೆ ಬಂದ ಎಷ್ಟೋ ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/6 ಎಂದು ಬರೆಯುತ್ತಾರೆ. ಕೂಡಿಸಿದ ಮೇಲೆ ಬಂದದ್ದು ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂಬ ಅನುಮಾನವೂ ಅವರಿಗೆ ಬರುವುದಿಲ್ಲ. ಸಾಸ್ವೆಹಳ್ಳಿ ಕಡೆಯ ರೈತನ ಮಗಳಿಗೆ ಇದನ್ನೇ ಬೇರೆ ಥರ ಕೇಳಿ ನೋಡಿ: ಅಪ್ಪನದು ಅರ್ಧ ಎಕರೆ ತೋಟ, ಚಿಕ್ಕಪ್ಪನದು ಕಾಲು ಎಕರೆ, ಎರಡೂ ಸೇರಿ ಎಷ್ಟು? ಇಪ್ಪತ್ತು ಗುಂಟೆ, ಹತ್ತು ಗುಂಟೆ, ಒಟ್ಟು ಮೂವತ್ತು ಗುಂಟೆ ಎನ್ನುತ್ತಾಳೆ. ಎಕರೆಗೆ 40 ಗುಂಟೆ. ಮೂವತ್ತು ಎಂದರೆ ಮುಕ್ಕಾಲು ಎಕರೆ. ಉತ್ತರ ಸರಿ. ಬೋರ್ಡಿನ ಮೇಲೆ ಸಿಗದ ಸಮಛೇದ ಅವಳ ಮನೆಯ ಪಹಣಿಯಲ್ಲೇ ಇತ್ತು.

ಮಕ್ಕಳ ಅಗತ್ಯಕ್ಕೆ ಗಣಿತ ಬೋಧನೆಯನ್ನು ಹೊಂದಿಸುವುದೆಂದರೆ ಮೊದಲು ಇಲ್ಲಿಂದ ಹೊರಡುವುದು. ಆದರೆ ಇಲ್ಲಿಗೇ ನಿಲ್ಲಬಾರದು. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲಿ. ತಲಾ 13 ಗುಂಟೆ ಬಂದು ಒಂದು ಗುಂಟೆ ಉಳಿಯುತ್ತದೆ. ಗುಂಟೆಗೆ 16 ಆಣೆಯಂತೆ ಕೆಳಗಿಳಿದರೂ ಒಟ್ಟು 640 ಆಣೆ ಮೂರರಿಂದ ಸಮನಾಗಿ ಭಾಗವಾಗದು. ಹಾಗಾದರೆ ಕಾಲು ಎಕರೆಗೆ ಮೂರನೇ ಒಂದನ್ನು ಕೂಡಿಸುವುದು ಹೇಗೆ? ಎಕರೆಯನ್ನು 12 ಪಾಲು ಮಾಡಿದರೆ ಕಾಲು ಎಂದರೆ 3, ಮೂರನೇ ಒಂದು ಎಂದರೆ 4, ಒಟ್ಟು 7 ಪಾಲು. ಲಸಾಅ ಏಕೆ ಬೇಕು ಎಂಬುದು ಆ ಕ್ಷಣಕ್ಕೆ ತಾನಾಗಿ ತಿಳಿಯುತ್ತದೆ. ಊರಿನ ಲೆಕ್ಕ ಎಲ್ಲಿ ಸಾಲದಾಗುತ್ತದೋ ಅಲ್ಲಿಂದಲೇ ಶಾಲೆಯ ಗಣಿತ ಶುರುವಾಗಬೇಕು.

ಮಳೆಗಾಲದಲ್ಲಿ ಭದ್ರಾ ಅಚ್ಚುಕಟ್ಟಿನ ರೈತರು ಪೇಪರಿನಲ್ಲಿ ಹುಡುಕುವುದು ಡ್ಯಾಂ ಮಟ್ಟವನ್ನು. 186 ಅಡಿಗೆ ಭರ್ತಿ, ಆಗ ಸುಮಾರು 71.5 ಟಿಎಂಸಿ ನೀರು. ಮಟ್ಟ 93 ಅಡಿಗೆ ಇಳಿದರೆ ನೀರೂ ಅರ್ಧಕ್ಕೆ ಇಳಿಯುತ್ತದೆಯೇ? ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಎತ್ತಿದರೆ ಹೌದು ಎನ್ನುವ ಕೈಗಳೇ ಹೆಚ್ಚು. ಕಣಿವೆ ಕೆಳಗಿಳಿದಂತೆ ಕಿರಿದಾಗುತ್ತದೆ. ಹಾಗಾಗಿ ಉಳಿಯುವ ನೀರು ಅರ್ಧಕ್ಕಿಂತ ಬಹಳ ಕಡಿಮೆ. ತಲೆಕೆಳಗಾಗಿ ನಿಲ್ಲಿಸಿದ ಶಂಕುವಿನಲ್ಲಿ ಅರ್ಧ ಎತ್ತರದವರೆಗೆ ನೀರಿದ್ದರೆ ಅಲ್ಲಿ ತ್ರಿಜ್ಯವೂ ಅರ್ಧ. ನೀರು ಮಾತ್ರ ಒಟ್ಟು ಘನಫಲದ ಎಂಟನೇ ಒಂದು ಭಾಗ. ಡ್ಯಾಂ ಕರಾರುವಾಕ್ಕಾದ ಶಂಕುವಲ್ಲ, ನಿಜ. ಆದರೂ ಸೂತ್ರವನ್ನು ಬಾಯಿಪಾಠ ಮಾಡಿದವರು ಮರೆಯಬಹುದು, ಈ ಪ್ರಶ್ನೆಯೊಂದಿಗೆ ಗುದ್ದಾಡಿದವರು ಮರೆಯಲಾರರು. ಜಗಳೂರಿನ ಬಯಲಲ್ಲಿ ಪ್ರಶ್ನೆ ಬೇರೆಯಾಗಲಿ: ಆಳ ಹೆಚ್ಚಿದಂತೆ ಅಡಿಯ ದರವೂ ಏರುವ ಬೋರ್‌ವೆಲ್ ಬಿಲ್ಲಿನಿಂದ ಶ್ರೇಢಿಯ ಪಾಠ ಆರಂಭಿಸಬಹುದು.

ಇದು ಹೊಸ ದಾರಿಯೇನಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಅವನಿಗಿಂತ ಸುಮಾರು ಮೂರು ಶತಮಾನ ಮೊದಲು ಇದೇ ನಾಡಿನಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ್ದ. ಕಲಿಯುವವರ ಮಾತಿಗೆ, ಅವರ ವ್ಯವಹಾರಕ್ಕೆ ತಂದರೆ ಗಣಿತದ ತೂಕ ಇಳಿಯುವುದಿಲ್ಲ ಎಂಬುದಕ್ಕೆ ರಾಜಾದಿತ್ಯನೇ ಸಾಕ್ಷಿ.

ಇಂದು ಆ ತೂಕ ಇಳಿಯುತ್ತಿರುವುದು ಬೇರೆ ಕಡೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಹಿಂದುಳಿದ ಮಕ್ಕಳ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ: ಖಂಡಿತ ಬರುವ ನಾಲ್ಕಾರು ಪ್ರಶ್ನೆ, ಒಂದು ನಕ್ಷೆ, ಒಂದು ಪ್ರಮೇಯ. ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರನ್ನು ದೂರುವುದು ಸುಲಭ, ಅದು ನ್ಯಾಯವಲ್ಲ. ಪಾಸಾಗುವುದೂ ಮಗುವಿಗೆ ಬೇಕೇ ಬೇಕು. ಆದರೆ ಭಿನ್ನರಾಶಿ ಬಾರದ ಮಗು ಎಂಟನೇ ತರಗತಿಯಲ್ಲೇ ನಮ್ಮ ಮುಂದೆ ಕೂತಿತ್ತು. ನಡುವೆ ಮೂರು ವರ್ಷಗಳಿದ್ದವು. ಜೂನ್‌ನಲ್ಲಿ ನಡೆಯುವ ಸೇತುಬಂಧ ಇರುವುದೇ ಹಿಂದಿನ ತರಗತಿಗಳ ಇಂಥ ಕೊರತೆಯನ್ನು ತುಂಬುವುದಕ್ಕೆ. ಆ ದಿನಗಳು ದಾಖಲೆ ತುಂಬಿಸುವುದರಲ್ಲಿ ಕಳೆಯದೆ, ಯಾವ ಮಗು ಭಾಗಾಕಾರದಲ್ಲಿ ನಿಂತಿದೆ, ಯಾವುದು ಋಣಸಂಖ್ಯೆಗೆ ಹೆದರುತ್ತಿದೆ ಎಂದು ಪತ್ತೆಹಚ್ಚುವ ದಿನಗಳಾಗಬೇಕು. ಪೋರ್ಷನ್ ಹದಿನೈದು ದಿನ ತಡವಾದರೂ ಚಿಂತೆಯಿಲ್ಲ ಎಂಬ ಧೈರ್ಯವನ್ನು ಇಲಾಖೆ ಶಿಕ್ಷಕರಿಗೆ ಕೊಡಬೇಕು. ಬುನಾದಿ ಗಟ್ಟಿಯಾದರೆ ಆ ಹದಿನೈದು ದಿನ ಮುಂದಿನ ಪಾಠಗಳಲ್ಲಿ ತೀರಿಹೋಗುತ್ತವೆ.

ಮನೆಯವರ ಪಾಲೂ ಇದರಲ್ಲಿದೆ. ಗಣಿತದಲ್ಲಿ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುವ ಮೊದಲು, ಲೆಕ್ಕ ಎಲ್ಲಿ ತಡೆಯಿತು ಎಂದು ಇವತ್ತು ಕೇಳೋಣ. ಎಲ್ಲಿ ತಡೆಯಿತೆಂದು ಹೆದರದೆ ಹೇಳಬಲ್ಲ ಮಗುವಿಗೆ ಕಲಿಸುವುದು ಯಾವ ಶಿಕ್ಷಕರಿಗೂ ಕಷ್ಟವಲ್ಲ.