ಹಾಳು ಕೋಟೆ ಮತ್ತು ಶಾಪದ ಕಥೆ

ಊರಿನಿಂದ ನೆಂಟರು ಬಂದರೆ ದೆಹಲಿಯ ಕನ್ನಡಿಗರು ತೋರಿಸುವ ಸ್ಥಳಗಳ ಪಟ್ಟಿ ಸಾಧಾರಣವಾಗಿ ಕುತುಬ್ ಮಿನಾರಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಬದರ್‌ಪುರದ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ತುಘಲಕಾಬಾದಿನ ಹಾಳು ಕೋಟೆ ಸಿಗುತ್ತದೆ. 1320ರಲ್ಲಿ ಪಟ್ಟಕ್ಕೆ ಬಂದ ಘಿಯಾಸುದ್ದೀನ್ ತುಘಲಕ್ ನಾಲ್ಕೈದು ವರ್ಷಗಳಲ್ಲಿ ಎಬ್ಬಿಸಿದ ಕೋಟೆ ಇದು. ಸುತ್ತಳತೆ ಆರು ಕಿಲೋಮೀಟರಿಗೂ ಮಿಕ್ಕಿದ್ದು. ಬುಡದಲ್ಲಿ ದಪ್ಪನಾಗಿ, ಮೇಲೇರಿದಂತೆ ಒಳಕ್ಕೆ ವಾಲುವ ಗೋಡೆಗಳು. ಒಳಗೆ ಹೋದರೆ ಮುಳ್ಳುಗಿಡ, ಕುಸಿದ ಕಮಾನು. ರಸ್ತೆಯಾಚೆ ಬಿಳಿ ಗುಮ್ಮಟದ ಕೆಂಪು ಕಲ್ಲಿನ ಅವನ ಗೋರಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಇಲ್ಲಿಗೆ ಬಂದವರೆಲ್ಲ ಕೇಳುವ ಕಥೆ ಒಂದೇ. ಸುಲ್ತಾನನು ಕೂಲಿಕಾರರನ್ನೆಲ್ಲ ಕೋಟೆಯ ಕೆಲಸಕ್ಕೆ ಎಳೆದನು. ಅವರು ಹಗಲು ಅವನಿಗೆ ದುಡಿದು, ರಾತ್ರಿ ದೀಪದ ಬೆಳಕಿನಲ್ಲಿ ಸಂತ ನಿಜಾಮುದ್ದೀನ್ ಔಲಿಯಾ ಅವರ ಬಾವಿ ಕಟ್ಟಿದರು. (ಇವರು ನಿದ್ದೆ ಮಾಡಿದ್ದು ಯಾವಾಗ ಎಂದು ಕಥೆ ಹೇಳುವವರು ಯಾರೂ ಕೇಳುವುದಿಲ್ಲ.) ಸುಲ್ತಾನನು ಎಣ್ಣೆ ಮಾರಾಟ ನಿಲ್ಲಿಸಿದನು. ಸಂತರು ಶಪಿಸಿದರು: ಈ ಕೋಟೆ ಹಾಳು ಬೀಳಲಿ, ಇಲ್ಲವೇ ಇಲ್ಲಿ ಗುಜ್ಜರರು ದನ ಕಾಯಲಿ. 1325ರಲ್ಲಿ ಬಂಗಾಳದಿಂದ ಗೆದ್ದು ಮರಳುತ್ತಿದ್ದ ಸುಲ್ತಾನನು ದೆಹಲಿ ಮುಟ್ಟುವ ಮೊದಲೇ ಮರದ ಮಂಟಪ ಕುಸಿದು ಸತ್ತನು.

ಸಾವು ನಿಜ. ಕಾರಣದ ಬಗ್ಗೆ ಮಾತ್ರ ಆ ಕಾಲದವರಲ್ಲೇ ಒಮ್ಮತವಿಲ್ಲ. ಬರನಿ ಸಿಡಿಲೆನ್ನುತ್ತಾನೆ; ಇಬ್ನ್ ಬತೂತಾ ಮಗ ಮುಹಮ್ಮದನ ಸಂಚೆನ್ನುತ್ತಾನೆ. ಔಲಿಯಾ ಅವರೂ ಅದೇ 1325ರಲ್ಲಿ ತೀರಿಕೊಂಡರು. ಮಗನು 1327ರ ಸುಮಾರಿಗೆ ರಾಜಧಾನಿಯನ್ನೇ ದೌಲತಾಬಾದಿಗೆ ಒಯ್ದನು. ಬಂಡೆಗುಡ್ಡದ ಮೇಲಿನ ಈ ಕೋಟೆಗೆ ನೀರಿನ ಕೊರತೆಯೂ ಇತ್ತೆಂದು ಹೇಳುವವರಿದ್ದಾರೆ. ಅಂತೂ ಕೋಟೆ ಬರಿದಾಗಲು ಶಾಪವೇ ಬೇಕಿರಲಿಲ್ಲ. ಇನ್ನು ಕಥೆಯ ದುಷ್ಟ ಸುಲ್ತಾನ: ರೈತರ ಕಂದಾಯವನ್ನು ಒಮ್ಮೆಲೇ ಏರಿಸಕೂಡದೆಂದು ಅಧಿಕಾರಿಗಳನ್ನು ತಡೆದವನು ಇವನೇ ಎಂದು ಬರನಿ ಬರೆದಿದ್ದಾನೆ. ಫೈಲುಗಳ ನಡುವೆ ಬದುಕುವ ನನ್ನಂಥವನಿಗೆ ಅದು ಸಣ್ಣ ಸಂಗತಿಯಲ್ಲ. ಶಾಪದ ಕಥೆಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೂ ಆ ಕಥೆ ನಮಗೆ ಹಿತವಾಗಿರುತ್ತದೆ. ಗರ್ವ ಮುರಿಯಿತು, ಲೆಕ್ಕ ಚುಕ್ತಾ ಆಯಿತು ಎಂದುಕೊಂಡು ಬುತ್ತಿ ಬಿಚ್ಚುತ್ತೇವೆ. ಹಾಗೆ ಬುತ್ತಿ ಬಿಚ್ಚಿ ಕುಳಿತಿದ್ದಾಗಲೇ ನನ್ನ ಕಿರಿಯ ಮಗಳು, "ಹಾಗಾದ್ರೆ ಹಂಪಿಗೆ ಯಾರು ಶಾಪ ಕೊಟ್ರು, ಅಪ್ಪಾ?" ಎಂದಳು. ಅವಳು ಹಿಂದಿನ ಬೇಸಿಗೆಯಲ್ಲಿ ಹಂಪಿ ನೋಡಿದ್ದಳು. ಪರರ ಕೋಟೆ ಬಿದ್ದರೆ ಪಾಪದ ಫಲ, ನಮ್ಮದು ಬಿದ್ದರೆ ಅನ್ಯಾಯ; ಈ ಎರಡು ತಕ್ಕಡಿಯನ್ನು ಮಕ್ಕಳಿಂದ ಮುಚ್ಚಿಡುವುದು ಕಷ್ಟ.

ಒಂದೇ ತಕ್ಕಡಿಯಲ್ಲಿ ತೂಗೋಣವೆಂದರೆ ಮತ್ತೊಂದು ತೊಡಕು. ಈ ಘಿಯಾಸುದ್ದೀನನ ಸೋದರಳಿಯ ಬಹಾವುದ್ದೀನ್ ಗುರ್ಷಾಸ್ಪನು ದಂಗೆಯೆದ್ದು ಸೋತು, ನಮ್ಮ ಕಂಪಿಲಿಯ ಅರಸನ ಮರೆಹೊಕ್ಕನು. ದೆಹಲಿಯ ಸೈನ್ಯ ಬೆನ್ನಟ್ಟಿ ಬಂದರೂ ಕಂಪಿಲರಾಯನು ಅವನನ್ನು ಒಪ್ಪಿಸಲಿಲ್ಲ. ತಾನು ಉಳಿಯುವುದಿಲ್ಲವೆಂದು ಕಂಡಾಗ ಅವನನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿಗೆ ಕಳುಹಿಸಿ, ಹೋರಾಡಿ ಮಡಿದನು. ಬಲ್ಲಾಳನು ಅತಿಥಿಯನ್ನು ಹಿಡಿದು ಒಪ್ಪಿಸಿದನು. ಸುಲ್ತಾನ ಮುಹಮ್ಮದನು ಅವನ ಚರ್ಮ ಸುಲಿಸಿದನು. ಕೊಟ್ಟ ಮಾತಿಗೆ ನಿಂತವನ ರಾಜ್ಯ ಅಳಿಯಿತು. ಒಪ್ಪಿಸಿದವನ ಸಿಂಹಾಸನ ಇನ್ನೂ ಹತ್ತು ಹದಿನೈದು ವರ್ಷ ಉಳಿಯಿತು.

ಆ ಕಂಪಿಲರಾಯನ ಕುಮ್ಮಟದುರ್ಗ ಗಂಗಾವತಿಯ ಸಮೀಪ ಇಂದಿಗೂ ಇದೆ. ಅದೂ ಹಾಳು ಬಿದ್ದಿದೆ. ಬಿದ್ದ ಕಲ್ಲುಗಳನ್ನಷ್ಟೇ ನೋಡಿ ಇದು ಶಾಪದ ಕೋಟೆ, ಅದು ಶರಣಾಗತನನ್ನು ಕಾಯ್ದ ಕೋಟೆ ಎಂದು ಗುರುತಿಸಲು ಬರುವುದಿಲ್ಲ. ಮುಂದಿನ ರಜೆಯಲ್ಲಿ ಮಗಳನ್ನು ಅಲ್ಲಿಗೂ ಕರೆದೊಯ್ಯಬೇಕೆಂದಿದ್ದೇನೆ.